ಗೋಧಿ ಹೊಲಕ್ಕೆ ಬಂದ ‘ಉತ್ತರ’: ಎಂಟನೇ ಕ್ಲಾಸಿನ ಹುಡುಗನಿಗೆ ಏನು ಹೇಳಲಿ?

ಲೆಕ್ಕದಮಿಸ್:

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೋದ ವಾರ ಎಂಟನೇ ಕ್ಲಾಸಿಗೆ ಅವಿಭಾಜ್ಯ ಸಂಖ್ಯೆ ಮಾಡುತ್ತಿದ್ದೆ. “ಇದರಿಂದ ಏನು ಉಪಯೋಗ ಮಿಸ್?” ಎಂದು ಒಬ್ಬಳು ಕೇಳಿದಳು. ದಿನಾ ಕೇಳುವ ಪ್ರಶ್ನೆಯೇ. ಈ ಸಲ ನನ್ನ ಹತ್ತಿರ ಒಳ್ಳೇ ಉತ್ತರ ಇತ್ತು. ಅರೆಸಿಬೊ ಸಂದೇಶದ ಕಥೆ ಹೇಳಿದೆ.

ಗೊತ್ತಿಲ್ಲದವರಿಗೆ: 1974ರ ನವೆಂಬರ್ 16ರಂದು ಪೋರ್ಟೊ ರಿಕೊದ ಅರೆಸಿಬೊ ರೇಡಿಯೋ ದೂರದರ್ಶಕದಿಂದ ಆಕಾಶಕ್ಕೆ ಒಂದು ಸಂದೇಶ ಕಳಿಸಿದರು. ಬರೀ ಸೊನ್ನೆ ಮತ್ತು ಒಂದು. ಒಟ್ಟು 1679. ಈ ಸಂಖ್ಯೆ 23 ಮತ್ತು 73ರ ಗುಣಲಬ್ಧ, ಎರಡೂ ಅವಿಭಾಜ್ಯ. ಹಾಗಾಗಿ ಅದನ್ನು ಆಯತವಾಗಿ ಜೋಡಿಸಲು 23 × 73 ಬಿಟ್ಟರೆ ಬೇರೆ ದಾರಿ ಇಲ್ಲ. ಹಾಗೆ ಜೋಡಿಸಿದರೆ ಮನುಷ್ಯ, ಡಿಎನ್‌ಎ, ಸೌರಮಂಡಲ, ಅರೆಸಿಬೊ ತಟ್ಟೆ ಎಲ್ಲ ಇರುವ ಚಿತ್ರ ಬರುತ್ತದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ನನಗೂ ಖುಷಿಯಾಯಿತು.

ಆಗ ಕೊನೇ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. “ಮಿಸ್, ಅದಕ್ಕೆ ಉತ್ತರ ಬಂದಾಗಿದೆ” ಅಂದ.

ಮಾರನೇ ದಿನ ಅವರಮ್ಮನ ಫೋನ್ ತಂದು ಗೇಟಿನ ಹತ್ತಿರವೇ ವಿಡಿಯೋ ತೋರಿಸಿದ. ಇಂಗ್ಲೆಂಡಿನ ಚಿಲ್‌ಬೋಲ್ಟನ್ ಎಂಬ ಊರು. 2001ರ ಆಗಸ್ಟ್. ರೇಡಿಯೋ ತಟ್ಟೆಯ ಪಕ್ಕದ ಗೋಧಿ ಹೊಲದಲ್ಲಿ, ಪೈರು ಮಲಗಿ ಮೂಡಿದ ಒಂದು ಮುಖ. ಅದರ ಹಿಂದೆಯೇ, ಒಂದೇ ವಾರದಲ್ಲಿ, ಅರೆಸಿಬೊ ಸಂದೇಶದಂಥದೇ ಉದ್ದನೆಯ ಪಟ್ಟಿ. ಅದೇ 23 ಕಾಲಮ್, ಅದೇ 73 ಸಾಲು. ಆದರೆ ಮನುಷ್ಯನ ಜಾಗದಲ್ಲಿ ದೊಡ್ಡ ತಲೆಯ ಪುಟ್ಟ ಪ್ರಾಣಿ. ಹಿನ್ನೆಲೆಯಲ್ಲಿ ಗಂಭೀರ ದನಿಯ ಕನ್ನಡ ವಿವರಣೆ, ಕೊಳಲು ಬೇರೆ.

ನಿಜ ಹೇಳಬೇಕೆಂದರೆ ನನಗೂ ಮೈ ಜುಂ ಎಂದಿತು. ಎರಡು ದಿನ ಸುಮ್ನಿದ್ದೆ. “ಇದೆಲ್ಲ ಸುಳ್ಳು, ಕೂತ್ಕೋ” ಎಂದು ಬಿಡಬಹುದಿತ್ತು. ಆದರೆ ಆ ಹುಡುಗ ಕ್ಲಾಸಿನಲ್ಲಿ ತಾನಾಗಿ ಎದ್ದು ಮಾತಾಡಿದ್ದು ಈ ವರ್ಷ ಅದೇ ಮೊದಲು. ಬಾಯಿ ಮುಚ್ಚಿಸಲು ಮನಸ್ಸು ಬರಲಿಲ್ಲ. ಇದು ಯಾರು ಮಾಡಿದ್ದು, ಹೇಗೆ ಮಾಡಿದ್ದು ಎನ್ನುವುದಕ್ಕಿಂತ ನನಗೆ ಬೇಕಾದದ್ದು ಇಷ್ಟು: ಆ ಚಿತ್ರದ ಒಳಗಿಂದಲೇ, ಲೆಕ್ಕದಿಂದಲೇ, ಅದು ಅಲ್ಲಿಂದ ಬಂದದ್ದೋ ಇಲ್ಲಿಯದೋ ಎಂದು ಹೇಳಲು ಆಗುತ್ತದಾ?

ಕಾಫಿಕುಡುಕ:

ಹಗ್ಗ, ಹಲಗೆ, ಎರಡು ಬಿಯರ್. ಮುಗೀತು ಮೇಡಂ. ಇಂಥ ಹೊಲದ ಚಿತ್ರ ತುಳಿದದ್ದು ನಾವೇ ಎಂದು 1991ರಲ್ಲೇ ಇಂಗ್ಲೆಂಡಿನ ಇಬ್ಬರು ಅಜ್ಜಂದಿರು ಒಪ್ಪಿಕೊಂಡಿದ್ದಾರೆ. ಇನ್ನೂ ಇದರ ಮೇಲೆ ಚರ್ಚೆ ಯಾಕೆ ಅಂತ.

ಮದ್ದೂರುವಡೆ:

ಕಾಫಿಕುಡುಕರೇ, ಹತ್ತು ವರ್ಷದ ಹಿಂದಿನ ಅಜ್ಜಂದಿರ ತಪ್ಪೊಪ್ಪಿಗೆ 2001ರ ಚಿತ್ರಕ್ಕೆ ಉತ್ತರ ಆಗುವುದಿಲ್ಲ. ಮೇಡಂ ಕೇಳಿದ್ದೂ ಅದನ್ನಲ್ಲ. ಅವರ ಪ್ರಶ್ನೆ ನಿಮಗಿಂತ ಚೆನ್ನಾಗಿದೆ. ಬೇಜಾರು ಮಾಡಿಕೊಳ್ಳಬೇಡಿ.

ಮೇಡಂ, ಆ ಹೊಲ ನಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆ. ನಾನು ಮದ್ದೂರಿನವನು, ಕೆಲಸಕ್ಕೆಂದು ಬಂದು ಹ್ಯಾಂಪ್‌ಶೈರಿನ ಆಂಡೋವರ್‌ನಲ್ಲಿ ಸೇರಿಕೊಂಡು ಹನ್ನೆರಡು ವರ್ಷ ಆಯಿತು. ಬಂದ ಹೊಸದರಲ್ಲಿ ಭಾನುವಾರ ಮಾಡಲು ಬೇರೇನೂ ಇರಲಿಲ್ಲ. ಗೆಳೆಯನೊಬ್ಬ ಚಿಲ್‌ಬೋಲ್ಟನ್ ತೋರಿಸಲು ಕರೆದುಕೊಂಡು ಹೋದ. ಹೊಲಗಳ ನಡುವೆ 25 ಮೀಟರ್ ಅಗಲದ ಬಿಳೀ ತಟ್ಟೆ ಬಾಯಿ ತೆರೆದು ನಿಂತಿರುತ್ತದೆ. ನೋಡಿದವರು ಯಾರೇ ಆದರೂ ಇದು ನಕ್ಷತ್ರಗಳ ಮಾತು ಕೇಳುವ ಯಂತ್ರ ಎಂದೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಮುಖ್ಯವಾಗಿ ಮಳೆ, ಮೋಡ ನೋಡುವ ರೇಡಾರ್. ಮಳೆಯಲ್ಲಿ ರೇಡಿಯೋ ಅಲೆ ಎಷ್ಟು ಕುಗ್ಗುತ್ತದೆ ಎಂಬಂಥ ಲೆಕ್ಕ ಅಲ್ಲಿ ನಡೆಯುವುದು. ಅಂದರೆ ಅಷ್ಟು ದೂರದಿಂದ ಬಂದವರು ಉತ್ತರ ಕೊಟ್ಟದ್ದು ಹವಾಮಾನದವರ ಮನೆ ಬಾಗಿಲಿಗೆ. ಅಂಚೆಯಣ್ಣ ಪಕ್ಕದ ಮನೆಗೆ ಕಾಗದ ಹಾಕಿ ಹೋದ ಹಾಗೆ!

ಇದು ತಮಾಷೆಗೆ. ಈಗ ಲೆಕ್ಕಕ್ಕೆ ಬರೋಣ. ನೀವೇ ಬರೆದಿದ್ದೀರಿ: 1679 ಯಾಕೆ? ರೇಡಿಯೋ ಸಂದೇಶ ಹೋಗುವುದು ಒಂದೇ ಎಳೆಯಲ್ಲಿ. ಒಂದರ ಹಿಂದೆ ಒಂದು, ಸೊನ್ನೆ, ಒಂದು, ಸೊನ್ನೆ, ಸೊನ್ನೆ. ಕೇಳಿಸಿಕೊಂಡವನ ಕೈಯಲ್ಲಿ ಉಳಿಯುವುದು ಉದ್ದನೆಯ ದಾರ. ಆ ದಾರವನ್ನು ಎಲ್ಲಿ ಮಡಚಬೇಕು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಎರಡು ಅವಿಭಾಜ್ಯಗಳ ಗುಣಲಬ್ಧ. ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಮತ್ತು ಅವರ ಜೊತೆಯವರು ಮಾಡಿದ ಈ ಉಪಾಯ ‘ದಾರವನ್ನು ಬಟ್ಟೆ ಮಾಡುವ’ ಉಪಾಯ. ಅದರ ಕೆಲಸ ಅಷ್ಟೇ.

ಗೋಧಿ ಹೊಲ ದಾರವಲ್ಲ. ಅದು ಮೊದಲೇ ಬಟ್ಟೆ. ಹಾಸಿ ಇಟ್ಟ ಚಾಪೆ. ಅಲ್ಲಿ ಏನನ್ನೂ ಮಡಚಬೇಕಾಗಿಲ್ಲ. 20 × 70 ಬರೆಯಬಹುದು, 40 × 100 ಬರೆಯಬಹುದು, ದುಂಡಗೆ ಬರೆಯಬಹುದು. ಮೇಲಿಂದ ನೋಡಿದವರಿಗೆ ಚಿತ್ರ ಕಾಣುತ್ತದೆ. ಆದರೂ ಆ ‘ಉತ್ತರ’ 23 × 73ರಲ್ಲೇ ಇದೆ. ಯಾಕೆ? ಪ್ರಶ್ನೆ ಪತ್ರಿಕೆ ಹಾಗಿತ್ತು, ಅದಕ್ಕೆ. ಪರೀಕ್ಷೆಯಲ್ಲಿ ಪಕ್ಕದವನ ಪೇಪರ್ ಕಾಪಿ ಹೊಡೆಯುವ ಹುಡುಗ ಅವನ ರಿಜಿಸ್ಟರ್ ನಂಬರನ್ನೂ ಇಳಿಸಿಕೊಂಡು ಬಿಡುತ್ತಾನಲ್ಲ, ಆ ಥರ. ನೀವು ಎಷ್ಟು ಪೇಪರ್ ತಿದ್ದಿದ್ದೀರಿ ಮೇಡಂ, ನಿಮಗೆ ನಾನು ಹೇಳಬೇಕೇ?

ಇನ್ನೊಂದು ಇಂಥದೇ ಇದೆ, ಇದು ನನಗೆ ಇನ್ನೂ ಇಷ್ಟ. ಅರೆಸಿಬೊ ಚಿತ್ರದಲ್ಲಿ ಮನುಷ್ಯನ ಪಕ್ಕ ಅವನ ಎತ್ತರ ಬರೆದಿದ್ದಾರೆ: 14. ಹದಿನಾಲ್ಕು ಏನು? ಅಡಿಯಾ, ಮೊಳವಾ? ಅನ್ಯಲೋಕದವನಿಗೆ ನಮ್ಮ ಮೀಟರ್ ಗೊತ್ತಿಲ್ಲ. ಆದರೆ ಸಂದೇಶ ಬಂದ ಅಲೆಯ ಉದ್ದ ಅವನಿಗೆ ಗೊತ್ತೇ ಇರುತ್ತದೆ, ಆ ಅಲೆಯಲ್ಲೇ ತಾನೆ ಅವನು ಕೇಳಿಸಿಕೊಂಡದ್ದು. ಸಂದೇಶ ಹೋದದ್ದು 2380 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಅಲೆಯ ಉದ್ದ ಸುಮಾರು 12.6 ಸೆಂಟಿಮೀಟರ್. 14ರಿಂದ ಗುಣಿಸಿದರೆ 176 ಸೆಂಟಿಮೀಟರ್ ಚಿಲ್ಲರೆ. ಒಬ್ಬ ಆಳು. ಅಂದರೆ ಕಾಗದವೇ ಅಳತೆಗೋಲು! ಎಂಥ ಜಾಣತನ ನೋಡಿ.

ಚಿಲ್‌ಬೋಲ್ಟನ್ ಚಿತ್ರದಲ್ಲಿ ಅದೇ ಜಾಗದಲ್ಲಿ 8 ಇದೆ. ಅನ್ಯಲೋಕದವರು ಸುಮಾರು ಒಂದು ಮೀಟರ್ ಎತ್ತರ ಎಂದು ನಂಬುವವರು ಓದುತ್ತಾರೆ. ಎಂಟು ಏನು ಸ್ವಾಮಿ? ಗೋಧಿಗೆ ಎಲ್ಲಿಯ ಅಲೆಯ ಉದ್ದ? ಕಾಗದವೇ ಅಳತೆಗೋಲು ಎಂಬ ಜಾಣತನವನ್ನು ಅರ್ಥ ಮಾಡಿಕೊಂಡವರು ಕಾಗದ ಬದಲಾಯಿಸಿ ಅಳತೆ ಮಾತ್ರ ಹಳೆಯದೇ ಇಡುವುದಿಲ್ಲ.

ಉಳಿದ ಬದಲಾವಣೆಗಳನ್ನು ನೋಡಿ. ಮೂಲದಲ್ಲಿ ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕ, ರಂಜಕಗಳ ಪರಮಾಣು ಸಂಖ್ಯೆ: 1, 6, 7, 8, 15. ಇಲ್ಲಿ ನಡುವೆ 14 ಸೇರಿದೆ, ಸಿಲಿಕಾನ್. ಡಿಎನ್‌ಎಗೆ ಒಂದು ಎಳೆ ಜಾಸ್ತಿ. ಸೌರಮಂಡಲದ ಸಾಲಿನಲ್ಲಿ ನಾವು ಮೂರನೆಯ ಗ್ರಹವನ್ನು ಮೇಲೆತ್ತಿ ತೋರಿಸಿದ್ದೆವು. ಇವರು 3, 4, 5 ಮೂರನ್ನೂ ಎತ್ತಿದ್ದಾರೆ. ಕೆಳಗೆ ಅರೆಸಿಬೊ ತಟ್ಟೆಯ ಜಾಗದಲ್ಲಿ, ಹಿಂದಿನ ವರ್ಷ, ಅಂದರೆ 2000ದಲ್ಲಿ, ಅದೇ ಚಿಲ್‌ಬೋಲ್ಟನ್ ಹೊಲದಲ್ಲಿ ಬಿದ್ದಿದ್ದ ಚಿತ್ರ. ಎಲ್ಲವೂ ಹಳೇ ಅರ್ಜಿ ನಮೂನೆಯಲ್ಲಿ ಹೆಸರು ಹೊಡೆದು ಬೇರೆ ಹೆಸರು ಬರೆದಂತೆ. ನಮಗೆ ಮೊದಲು ಗೊತ್ತಿಲ್ಲದ ಒಂದೇ ಒಂದು ವಿಷಯ ಅದರಲ್ಲಿಲ್ಲ.

ದೂರದ ಲೆಕ್ಕವನ್ನು ಮಕ್ಕಳೇ ಮಾಡಲಿ. ಸಂದೇಶ ಹೊರಟದ್ದು ಹರ್ಕ್ಯುಲಿಸ್ ನಕ್ಷತ್ರಪುಂಜದ ಎಂ13 ಎಂಬ ನಕ್ಷತ್ರಗುಚ್ಛದ ಕಡೆಗೆ. ಸುಮಾರು 25,000 ಬೆಳಕಿನ ವರ್ಷ ದೂರ. 2001ರ ಆಗಸ್ಟಿಗೆ ಅದು ಹೋಗಿದ್ದದ್ದು 27 ಬೆಳಕಿನ ವರ್ಷಕ್ಕೆ ಒಂಚೂರು ಕಮ್ಮಿ. ಬೆಂಗಳೂರಿನಿಂದ ದೆಹಲಿಗೆ ಹೊರಟ ರೈಲು ಇನ್ನೂ ಯಶವಂತಪುರವನ್ನೂ ದಾಟಿಲ್ಲ. ಅಷ್ಟರಲ್ಲಿ ದೆಹಲಿಯಿಂದ “ತಲುಪಿತು, ಕ್ಷೇಮ” ಎಂದು ಕಾಗದ!

ಏಳನೇಆಕಾಶ:

ಮದ್ದೂರುವಡೆ ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಗೆಲ್ಲಲು ಸುಲಭವಾದದ್ದನ್ನು ಆರಿಸಿಕೊಂಡಿದ್ದೀರಿ. ಉತ್ತರ ಎಂ13ರಿಂದಲೇ ಬರಬೇಕು ಎಂದು ಯಾರು ಹೇಳಿದ್ದು? ದಾರಿಯಲ್ಲಿ ಹತ್ತಿರದವರು ಯಾರೋ ಕೇಳಿಸಿಕೊಂಡಿರಬಹುದು.

ಅದೇ ಆಗಸ್ಟಿನಲ್ಲಿ ವಿಲ್ಟ್‌ಶೈರಿನ ಮಿಲ್ಕ್ ಹಿಲ್ ಮೇಲೆ 409 ವೃತ್ತಗಳು ಒಂದೇ ರಾತ್ರಿಯಲ್ಲಿ ಬಿದ್ದವು. ಅಗಲ 240 ಮೀಟರ್ ಹತ್ತಿರ. ಬೇಸಿಗೆಯ ರಾತ್ರಿ, ಕತ್ತಲೆ ಇರುವುದೇ ಸ್ವಲ್ಪ ಹೊತ್ತು. ಹಲಗೆ ತುಳಿದು ಮಾಡಲು ಆಗುತ್ತದೆಯೇ? ಮರುವರ್ಷ, 2002ರ ಆಗಸ್ಟಿನಲ್ಲಿ, ವಿಂಚೆಸ್ಟರ್ ಹತ್ತಿರ ಕ್ರ್ಯಾಬ್‌ವುಡ್‌ನಲ್ಲಿ ಅನ್ಯಲೋಕದವನ ಮುಖ, ಕೈಯಲ್ಲಿ ತಟ್ಟೆ, ಆ ತಟ್ಟೆಯಲ್ಲಿ ಸುರುಳಿಯಾಗಿ ಸಂಕೇತ ಭಾಷೆಯ ಸಂದೇಶ. 2008ರಲ್ಲಿ ಬಾರ್ಬರಿ ಕಾಸಲ್ ಹತ್ತಿರ ಪೈ ಸಂಖ್ಯೆಯ ಹತ್ತು ಅಂಕಿ. ಅದನ್ನು ಓದಿ ಹೇಳಿದವರು ಮೈಕ್ ರೀಡ್ ಎಂಬ ಖಭೌತ ವಿಜ್ಞಾನಿ. ಇಂಗ್ಲೆಂಡಿನ ಪುರಾತನ ಸ್ಟೋನ್‌ಹೆಂಜ್ ಕಲ್ಲುಗಳಿಗೂ ಸೂರ್ಯ ಚಂದ್ರರಿಗೂ ಇರುವ ಸಂಬಂಧವನ್ನು ಕಂಪ್ಯೂಟರ್ ಹಾಕಿ ಲೆಕ್ಕ ಮಾಡಿದ ಜೆರಾಲ್ಡ್ ಹಾಕಿನ್ಸ್ ಅವರೂ ಈ ಚಿತ್ರಗಳಲ್ಲಿ ಜ್ಯಾಮಿತಿಯ ಪ್ರಮೇಯಗಳನ್ನು ಕಂಡಿದ್ದಾರೆ. ಇವರೆಲ್ಲ ಬುದ್ಧಿ ಇಲ್ಲದವರೇ? ಮಕ್ಕಳ ಮನಸ್ಸಿನಲ್ಲಿ ಅಚ್ಚರಿ ಸಾಯಿಸಬೇಡಿ ಎಂದಷ್ಟೇ ನನ್ನ ಮಾತು.

ಮದ್ದೂರುವಡೆ:

ಏಳನೇಆಕಾಶ ಅವರೇ, ಒಳ್ಳೇ ಪ್ರಶ್ನೆಗಳು. ಅಚ್ಚರಿ ಸಾಯಿಸುವ ಉದ್ದೇಶ ನನಗಿಲ್ಲ. ಅಚ್ಚರಿ ಪಡಬೇಕಾದ್ದು ಯಾರನ್ನು ನೋಡಿ ಎಂಬಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳ.

‘ದಾರಿಯಲ್ಲಿ ಯಾರೋ’ ಎಂದಿರಿ. ಸರಿ. ಸಂದೇಶ ಹೋಗಿ, ಉತ್ತರ ವಾಪಸ್ ಬರಲು 27 ವರ್ಷಕ್ಕಿಂತ ಕಮ್ಮಿ. ಅಂದರೆ ಅವರು 13 ಚಿಲ್ಲರೆ ಬೆಳಕಿನ ವರ್ಷದ ಒಳಗೇ ಇರಬೇಕು. ಅದೂ ಆ ಕಿರಣದ ದಾರಿಯಲ್ಲೇ. ಅರೆಸಿಬೊ ಕಿರಣ ಎಷ್ಟು ಕಿರಿದು ಗೊತ್ತಾ? ಹುಣ್ಣಿಮೆ ಚಂದ್ರನ ಅಗಲದ ಹದಿನೈದನೇ ಒಂದು ಪಾಲು. ಅಷ್ಟು ಹತ್ತಿರದಲ್ಲಿ ನಮಗೆ ಗೊತ್ತಿರುವ ನಕ್ಷತ್ರಗಳೇ ಕೆಲವು ಡಜನ್. ಅವುಗಳಲ್ಲಿ ಒಂದೂ ಆ ಸೂಜಿಕಣ್ಣಿನಲ್ಲಿಲ್ಲ.

409ಕ್ಕೆ ಬರುತ್ತೇನೆ. ಲೆಕ್ಕದ ಮಿಸ್ ಇರುವ ಕಡೆ ಲೆಕ್ಕವೇ ಮಾತಾಡಲಿ. ನಡುವಿನ ಒಂದನ್ನು ತೆಗೆಯಿರಿ, 408. ಆ ಚಿತ್ರಕ್ಕೆ ಆರು ತೋಳು. ಆರರಿಂದ ಭಾಗಿಸಿ, 68. ಅಂದರೆ ಕಲಿಯಬೇಕಾದ್ದು 409 ವೃತ್ತವಲ್ಲ, ಒಂದು ತೋಳು. ಉಳಿದದ್ದು ಅದರದೇ ಪುನರಾವರ್ತನೆ. ನಮ್ಮ ಅಜ್ಜಿ ಧನುರ್ಮಾಸದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಬೀದಿ ದೀಪ ಇಲ್ಲದ ಕಾಲದಲ್ಲಿ, 21ರಿಂದ 11 ಚುಕ್ಕಿಯ ರಂಗೋಲಿ ಹಾಕುತ್ತಿದ್ದರು. ಹಾಲಿನವನು ಬರುವ ಹೊತ್ತಿಗೆ ಮುಗಿದಿರುತ್ತಿತ್ತು. ನಾನು ಒಮ್ಮೆ ಕೇಳಿದ್ದೆ, “ಅಷ್ಟೊಂದು ಹೇಗೆ ನೆನಪಿಟ್ಟುಕೊಳ್ತೀರಾ ಅಜ್ಜಿ?” ಎಂದು. “ಅಷ್ಟೊಂದು ಎಲ್ಲಿದೆಯೋ? ಒಂದು ಮೂಲೆ ಗೊತ್ತಿದ್ರೆ ಆಯ್ತು, ಮಿಕ್ಕಿದ್ದು ಕೈ ಮಾಡುತ್ತೆ” ಅಂದಿದ್ದರು. ಮಿಲ್ಕ್ ಹಿಲ್‌ನ ಫೋಟೋ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅನ್ಯಲೋಕವಲ್ಲ, ಆ ಅಂಗಳ.

ಪ್ರಮೇಯಗಳ ಕಥೆಯೂ ಅಲ್ಲೇ ಇದೆ. ಒಂದು ಗೂಟ, ಒಂದು ಹಗ್ಗ ಇದ್ದರೆ ಬರುವುದು ವೃತ್ತ. ಅದೇ ಹಗ್ಗ ಹಿಡಿದು ಪರಿಧಿಯ ಮೇಲೆ ಅಳೆಯುತ್ತಾ ಹೋದರೆ ಆರನೇ ಸಲಕ್ಕೆ ಸರಿಯಾಗಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ಷಡ್ಭುಜ ಬಂತು, ಸಮಬಾಹು ತ್ರಿಭುಜ ಬಂತು. ಇನ್ನು ಹಾಕಿನ್ಸ್ ಅವರಂಥ ಕಣ್ಣಿಗೆ ಪ್ರಮೇಯ ಕಾಣದೆ ಇರುತ್ತದೆಯೇ? ಹಗ್ಗದೊಳಗೇ ಯೂಕ್ಲಿಡ್ ಇದ್ದಾನೆ.

ಪೈ ಚಿತ್ರ ನನಗೆ ಬಹಳ ಇಷ್ಟ, ನಿಜವಾಗಿ ಚೆಲುವಾದ ಕೆಲಸ. ವೃತ್ತವನ್ನು ಹತ್ತು ಭಾಗ ಮಾಡಿ, ಒಳಗಿಂದ ಹೊರಗೆ ಮೆಟ್ಟಿಲಿನಂತೆ ಹೋಗುವ ಗೆರೆ. ಮೂರು ಭಾಗ, ಒಂದು ಭಾಗ, ನಾಲ್ಕು ಭಾಗ. ನಡುವೆ ದಶಮಾಂಶದ ಚುಕ್ಕೆ ಕೂಡ. ಆದರೆ ಅಂಕಿ ಓದಿ: 3.141592654. ನಿಜವಾದ ಪೈ 3.14159265358 ಎಂದು ಹೋಗುತ್ತದೆ. ಹತ್ತನೇ ಅಂಕಿ 3 ಇರಬೇಕು, 4 ಆಗಿದೆ. ಯಾಕೆ? ಮುಂದಿನ ಅಂಕಿ 5, ಹಾಗಾಗಿ ರೌಂಡ್ ಆಫ್. ಹತ್ತು ಅಂಕಿಯ ಕ್ಯಾಲ್ಕುಲೇಟರ್ ಒತ್ತಿ ನೋಡಿ, ಇದೇ ಬರುತ್ತದೆ. ಅನ್ಯಲೋಕದವರಿಗೂ ನಮ್ಮ ಹಾಗೆ ಹತ್ತು ಬೆರಳು, ನಮ್ಮ ಹಾಗೆ ಕ್ಯಾಲ್ಕುಲೇಟರ್!

ಕ್ರ್ಯಾಬ್‌ವುಡ್‌ದು ಇನ್ನೂ ಮಜಾ. ಆ ತಟ್ಟೆಯಲ್ಲಿ ಇರುವುದು ಎಂಟು ಬಿಟ್‌ನ, ಅಂದರೆ ಅಕ್ಷರಕ್ಕೆ ಎಂಟು ಸೊನ್ನೆ ಒಂದುಗಳ, ಆಸ್ಕಿ ಸಂಕೇತ. ಇದು ಅಮೆರಿಕದವರು 1960ರ ದಶಕದಲ್ಲಿ ಟೆಲಿಪ್ರಿಂಟರ್, ಕಂಪ್ಯೂಟರ್‌ಗಳಿಗೆಂದು ಮಾಡಿಕೊಂಡ, ಅಕ್ಷರಕ್ಕೊಂದು ಸಂಖ್ಯೆ ಕೊಡುವ ಪಟ್ಟಿ. ಬಿಡಿಸಿದರೆ ಸಿಗುವುದು ಇಂಗ್ಲಿಷ್. ‘ಸುಳ್ಳು ಉಡುಗೊರೆ ತರುವವರ ಬಗ್ಗೆ ಎಚ್ಚರ’ ಎಂಬ ಧಾಟಿಯ ಮಾತು, ನಡುನಡುವೆ ದೊಡ್ಡಕ್ಷರ. ಒಂದು ಪದದ ನಡುವೆ ಕಾರಣವಿಲ್ಲದೆ ದೊಡ್ಡಕ್ಷರ ನುಗ್ಗಿದೆ. ಅದನ್ನು ನೋಡಿ ಕೆಲವರು ಅದರಲ್ಲೂ ಗೂಢಾರ್ಥ ಹುಡುಕಿದರು. ನಾನು ದಿನಾ ಕೋಡ್ ಬರೆಯುವವನು. ನನಗೆ ಕಂಡದ್ದು ಒಂದು ಬಿಟ್ ತಪ್ಪು. ಆಸ್ಕಿಯಲ್ಲಿ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಒಂದೇ ಬಿಟ್ ವ್ಯತ್ಯಾಸ. ಕತ್ತಲಲ್ಲಿ ಗೋಧಿ ತುಳಿಯುವವನ ಕಾಲು ಒಂದು ಕಡೆ ತಪ್ಪಿದರೆ ಸಾಕು.

ಇನ್ನು ಗ್ರಹಗಳು. ಇದನ್ನು ನೀವು ಎತ್ತಲಿಲ್ಲ, ಆದರೆ ‘ಖಗೋಳ ಸಂದೇಶ’ ಎನ್ನುವವರು ಮೊದಲು ಎತ್ತುವುದೇ ಇದನ್ನು. 1995ರಲ್ಲಿ ಹ್ಯಾಂಪ್‌ಶೈರಿನ ಲಾಂಗ್‌ವುಡ್ ವಾರನ್‌ನಲ್ಲಿ ಸೂರ್ಯ, ಬುಧ, ಶುಕ್ರ, ಮಂಗಳ ಇತ್ತು, ಭೂಮಿಯ ಕಕ್ಷೆ ಮಾತ್ರ ಖಾಲಿ. ಭೂಮಿಗೆ ಗಂಡಾಂತರ ಎಂದು ಓದಿದರು. 2008ರ ಜುಲೈನಲ್ಲಿ ಏವ್‌ಬರಿ ಮ್ಯಾನರ್ ಹತ್ತಿರ ಇಡೀ ಸೌರಮಂಡಲ ಬಿತ್ತು. ಗ್ರಹಗಳ ಜಾಗ 2012ರ ಡಿಸೆಂಬರ್ 21ಕ್ಕೆ ಹೊಂದುತ್ತದೆ ಎಂದರು. ಆ ದಿನ ನೆನಪಿದೆಯಲ್ಲ? ನಮ್ಮ ಟಿವಿಗಳಲ್ಲೂ ಪ್ರಳಯ ಪ್ರಳಯ ಎಂದು ಒಂದು ತಿಂಗಳು ಹುಯ್ಯಲಿಟ್ಟರು. ನಾನು ಆ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಪಾಳಿ ಮುಗಿಸಿ ಇಡ್ಲಿ ತಿಂದು ಮಲಗಿದೆ, ಶನಿವಾರ ಎದ್ದೆ. ಗ್ರಹ ಯಾವ ದಿನ ಎಲ್ಲಿರುತ್ತದೆ ಎಂದು ಹೇಳಲು ಅನ್ಯಲೋಕದವರು ಬೇಡ. ಪುಕ್ಕಟೆ ಸಾಫ್ಟ್‌ವೇರ್ ಸಾಕು. ನಮ್ಮೂರ ಪಂಚಾಂಗದವರೂ ಹೇಳುತ್ತಾರೆ.

ಅಜ್ಜಂದಿರ ವಿಷಯ ಕಾಫಿಕುಡುಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು, ಅದು ಅನ್ಯಾಯ. ಡಗ್ ಬೋವರ್ ಮತ್ತು ಡೇವ್ ಚಾರ್ಲಿ, ಇಬ್ಬರೂ ಇಲ್ಲೇ ಸೌತ್ಯಾಂಪ್ಟನ್‌ನವರು. ಬೋವರ್ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದವನು. ಆಸ್ಟ್ರೇಲಿಯಾದ ಟಲ್ಲಿ ಎಂಬಲ್ಲಿ 1966ರಲ್ಲಿ ಜವುಗಿನ ಹುಲ್ಲಿನಲ್ಲಿ ದುಂಡನೆಯ ಗುರುತು ಬಿದ್ದು, ಹಾರುವ ತಟ್ಟೆ ಇಳಿದ ಜಾಗ ಎಂದು ಗುಲ್ಲಾಗಿತ್ತು. ಅದು ಅವನ ತಲೆಯಲ್ಲಿ ಕೂತಿತ್ತು. 1970ರ ದಶಕದಲ್ಲಿ ಒಂದು ಸಂಜೆ ಪಬ್‌ನಿಂದ ಹೊರಟವರು ಶುರು ಹಚ್ಚಿಕೊಂಡರು. ಮೊದಲು ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಪಟ್ಟಿ, ಆಮೇಲೆ ಹಗ್ಗ ಕಟ್ಟಿದ ಹಲಗೆ. ನೇರ ಗೆರೆ ಬರಲು ಟೋಪಿಯ ಮುಂದೆ ತಂತಿಯ ಸುರುಳಿ ಕಟ್ಟಿಕೊಂಡು, ಅದರೊಳಗಿಂದ ದೂರದ ಮರವನ್ನು ನೋಡುತ್ತಾ ನಡೆಯುವುದು. ಎಷ್ಟೋ ವರ್ಷ ಮಾಡಿ, 1991ರಲ್ಲಿ ಪತ್ರಿಕೆಯವರ ಮುಂದೆ ಹೇಳಿಕೊಂಡರು. ಪತ್ರಿಕೆಯವರು ಅವರಿಂದಲೇ ಒಂದು ಮಾಡಿಸಿ, ಈ ವೃತ್ತಗಳ ಮೇಲೆ ಪುಸ್ತಕ ಬರೆದಿದ್ದ ಪ್ಯಾಟ್ ಡೆಲ್ಗಾಡೊ ಅವರಿಗೆ ತೋರಿಸಿದರು. ಇದು ಮನುಷ್ಯರ ಕೆಲಸ ಅಲ್ಲವೇ ಅಲ್ಲ ಎಂದರು ಅವರು. ಪಾಪ. ಮರುವರ್ಷ ಈ ಇಬ್ಬರಿಗೆ ಭೌತವಿಜ್ಞಾನದ ಇಗ್ ನೊಬೆಲ್ ಸಿಕ್ಕಿತು. ತಮಾಷೆಯ ಬಹುಮಾನವೇ, ಆದರೂ ಬಹುಮಾನ.

ನಾನೂ ಒಮ್ಮೆ ಒಂದರೊಳಗೆ ಹೋಗಿದ್ದೇನೆ, ವಿಲ್ಟ್‌ಶೈರಿನಲ್ಲಿ. ಹೊಲದ ಬಾಯಲ್ಲಿ ರೈತ ಒಂದು ಡಬ್ಬಿ ಇಟ್ಟಿದ್ದ, ನೋಡುವವರು ದುಡ್ಡು ಹಾಕಿ ಎಂದು. ಹಾಕಿದೆ. ಟ್ರ್ಯಾಕ್ಟರ್ ಗಾಲಿಯ ಜಾಡಿನಲ್ಲೇ ನಡೆದು ಒಳಗೆ ಹೋಗಬೇಕು. ಹೆಜ್ಜೆ ಗುರುತು ಬೀಳದ ದಾರಿ ಅದೊಂದೇ. ಮಾಡುವವರೂ ಅದರಲ್ಲೇ ಒಳಗೆ ಬರುತ್ತಾರೆ. ಒಳಗೆ ನಿಂತರೆ ಚಿತ್ರ ಏನೂ ಕಾಣುವುದಿಲ್ಲ. ಬರೀ ಮಲಗಿದ ಗೋಧಿ, ನಡುವೆ ಕಣ್ಣು ಮುಚ್ಚಿ ಕೂತ ಒಬ್ಬ ಹೆಂಗಸು, ಮತ್ತು ನನ್ನ ಸೀನು. ಮೂರು ದಿನ ಸೀನಿದೆ.

ತುಂಗಭದ್ರೆಎಡದಂಡೆ:

ನಾನು ಗಂಗಾವತಿ ಕಡೆಯ ರೈತ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ವಿಷಯ ಹೇಳಬೇಕು.

ಇಂಥ ವಿಡಿಯೋಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಆ ಗೋಧಿ ಮುರಿದಿಲ್ಲ, ಬಾಗಿದೆ. ಗಣ್ಣು ಉಬ್ಬಿ ಉದ್ದವಾಗಿದೆ. ಯಾವುದೋ ಕಿರಣ ಬಿಟ್ಟಿದ್ದಾರೆ ಎಂದು. ಅಣ್ಣಂದಿರಾ, ನಮ್ಮ ಸೋನಾ ಮಸೂರಿ ಗದ್ದೆಗೆ ಬಂದು ನೋಡಿ. ಯೂರಿಯಾ ಒಂದು ಚೀಲ ಜಾಸ್ತಿ ಬಿದ್ದು, ತೆನೆ ತುಂಬುವ ಹೊತ್ತಿಗೆ ಗಾಳಿ ಮಳೆ ಬಂದರೆ ಪೈರು ಮಲಗಿಬಿಡುತ್ತದೆ. ಹಸಿ ಪೈರು ಮುರಿಯುವುದಿಲ್ಲ, ಬಾಗುತ್ತದೆ. ಎರಡು ದಿನ ಬಿಟ್ಟು ನೋಡಿದರೆ ತುದಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ. ಹೇಗೆ? ಗಣ್ಣಿನ ಕೆಳಗಿನ ಮಗ್ಗುಲು ಬೆಳೆದು ಉದ್ದ ಆಗುತ್ತದೆ, ಅದು ದಂಟನ್ನು ಮೇಲಕ್ಕೆ ತಳ್ಳುತ್ತದೆ. ಗೋಧಿಯೂ ಅದೇ ಜಾತಿಯ ಹುಲ್ಲು. ಬಿದ್ದ ಪೈರು ಏಳಲು ನೋಡುತ್ತದೆ, ಅಷ್ಟೇ.

ನನ್ನ ಪ್ರಶ್ನೆ ಬೇರೆ. ಆ ಡಬ್ಬಿಯಲ್ಲಿ ಎಷ್ಟು ಬೀಳುತ್ತದೆ? ನಮ್ಮ ಗದ್ದೆಯಲ್ಲೂ ಯಾರಾದರೂ ಬರೆದು ಹೋಗಲಿ ಎಂದು ಕೇಳುತ್ತಿದ್ದೇನೆ.

ಮದ್ದೂರುವಡೆ:

ಅಣ್ಣಾ, ಗಣ್ಣಿನ ವಿಷಯ ಇಷ್ಟು ಸರಳವಾಗಿ ಹೇಳಿದವರನ್ನು ಇಲ್ಲಿ ನಾನು ನೋಡಿಲ್ಲ. ಡಬ್ಬಿಯ ಮಾತು: 1996ರಲ್ಲಿ ಸ್ಟೋನ್‌ಹೆಂಜ್ ಎದುರಿನ ಹೊಲದಲ್ಲಿ 151 ವೃತ್ತಗಳ ದೊಡ್ಡ ಸುರುಳಿ ಬಿತ್ತು. ರೈತ ಟಿಕೆಟ್ ಇಟ್ಟ. ನಾಲ್ಕು ವಾರದಲ್ಲಿ ಸುಮಾರು 30,000 ಪೌಂಡ್ ಬಂತೆಂದು ವರದಿಯಾಗಿತ್ತು. ಆ ಜಾಗದ ಬೆಳೆಯ ಬೆಲೆ ನೂರೈವತ್ತು ಪೌಂಡ್ ಇದ್ದರೆ ಹೆಚ್ಚು. ಆದರೆ ಎಲ್ಲರಿಗೂ ಆ ಅದೃಷ್ಟ ಇಲ್ಲ. ಎಷ್ಟೋ ರೈತರು ಬೆಳಿಗ್ಗೆಯೇ ಯಂತ್ರ ಹೊಡೆದು ಚಿತ್ರ ಅಳಿಸಿಬಿಡುತ್ತಾರೆ. 2000ದಲ್ಲಿ ಒಬ್ಬ ಚಿತ್ರಕಾರನಿಗೆ ಬೆಳೆ ಹಾಳು ಮಾಡಿದ್ದಕ್ಕೆ ಕೋರ್ಟು 100 ಪೌಂಡ್ ದಂಡ ಹಾಕಿತ್ತು.

ಲೆಕ್ಕದಮಿಸ್:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಾಸ್ ಆಯಿತು. ಏನಾಯಿತು ಹೇಳುತ್ತೇನೆ.

ಬೋರ್ಡಿನ ಮೇಲೆ 35 ಸೊನ್ನೆ ಒಂದುಗಳನ್ನು ಒಂದೇ ಸಾಲಿನಲ್ಲಿ ಬರೆದೆ. ಮಡಚಿ ಎಂದೆ. ಐದು ನಿಮಿಷದಲ್ಲಿ 5 × 7 ಕಂಡುಹಿಡಿದರು, ಚೌಕಳಿ ಪುಸ್ತಕದಲ್ಲಿ ತುಂಬಿದರು, ಒಂದು ಮನೆಯ ಚಿತ್ರ ಬಂತು. ಆಮೇಲೆ 36 ಕೊಟ್ಟೆ. 6 × 6 ಎಂದ ಒಬ್ಬ, 4 × 9 ಎಂದಳು ಇನ್ನೊಬ್ಬಳು, ಗಲಾಟೆ. ಅವಿಭಾಜ್ಯ ಯಾಕೆ ಬೇಕು ಎಂದು ನಾನು ಬಾಯಿ ಬಿಡಬೇಕಾಗಲಿಲ್ಲ.

ಆಮೇಲೆ ದಾರ ಮತ್ತು ಬಟ್ಟೆಯ ಮಾತು ಹೇಳಿದೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ: “ಮಿಸ್, ನಾವು ಬರೆದ ರೀತಿಯಲ್ಲೇ ಬರೆದ್ರೆ ನಮಗೆ ಗುರುತು ಸಿಗುತ್ತೆ ಅಂತ ಮರ್ಯಾದೆಗೆ ಹಾಗೆ ಬರೆದಿರಬಹುದಲ್ವಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ. ಮದ್ದೂರುವಡೆ ಸರ್?

ಮದ್ದೂರುವಡೆ:

ಮೇಡಂ, ಆ ಹುಡುಗ ನನ್ನನ್ನು ಹಿಡಿದುಬಿಟ್ಟ. ರಿಜಿಸ್ಟರ್ ನಂಬರಿನ ಹೋಲಿಕೆಯ ಅರ್ಧ ಬಲ ಹೋಯಿತು. 23 × 73 ಒಂದನ್ನೇ ಇಟ್ಟುಕೊಂಡು ತೀರ್ಪು ಕೊಡಲು ಆಗುವುದಿಲ್ಲ, ಒಪ್ಪಿದೆ.

ಆದರೆ ಅವನಿಗೆ ಇದನ್ನು ಕೇಳಿ. ಮರ್ಯಾದೆಗೆ ನಮ್ಮ ಕಾಗದದ ರೀತಿಯಲ್ಲೇ ಬರೆದರು, ಸರಿ. ಮರ್ಯಾದಸ್ಥರು ಬಂದ ದಾರಿಯಲ್ಲೇ ಉತ್ತರ ಕಳಿಸಬಹುದಿತ್ತಲ್ಲ, ಅದೇ 2380 ಮೆಗಾಹರ್ಟ್ಸ್‌ನಲ್ಲಿ? ಮೂರು ನಿಮಿಷದ ಕೆಲಸ, ನಮ್ಮದೂ ಅಷ್ಟೇ ಹೊತ್ತು ತೆಗೆದುಕೊಂಡಿತ್ತು. ಪ್ರಪಂಚದ ಎಷ್ಟೋ ತಟ್ಟೆಗಳಿಗೆ ಒಟ್ಟಿಗೆ ಕೇಳಿಸುತ್ತಿತ್ತು. ಅದು ಬಿಟ್ಟು ಯಾರೂ ನೋಡದ ರಾತ್ರಿಯಲ್ಲಿ, ಇನ್ನೇನು ಕಟಾವಿಗೆ ಬಂದ ಗೋಧಿಯ ಮೇಲೆ ಯಾಕೆ ಬರೆದರು? ಮತ್ತೆ ಆ 8 ಇದೆಯಲ್ಲ, ಎತ್ತರದ ಅಂಕಿ, ಅದಕ್ಕೆ ಅವನು ಏನು ಹೇಳುತ್ತಾನೆ ಕೇಳಿ. ಅವನ ಉತ್ತರ ನನಗೂ ಬೇಕು.

ಏಳನೇಆಕಾಶ:

ಹುಡುಗನಿಗೆ ನನ್ನ ಕಡೆಯಿಂದ ಒಂದು ಶಭಾಷ್.

ಲೆಕ್ಕದಮಿಸ್:

ಕೇಳಿದೆ. “ರೇಡಿಯೋದಲ್ಲಿ ಕಳಿಸಬಹುದಿತ್ತು, ಹೌದು” ಎಂದು ಒಪ್ಪಿದ. 8ರ ಬಗ್ಗೆ ಯೋಚಿಸಲು ಟೈಮ್ ಬೇಕಂತೆ. ಆದರೆ ಮನುಷ್ಯರು ಒಂದು ರಾತ್ರಿಯಲ್ಲಿ ಮಾಡಬಹುದು ಎಂಬುದನ್ನು ಕಣ್ಣಿಂದ ನೋಡದೆ ನಂಬುವುದಿಲ್ಲ ಎಂದ. ನ್ಯಾಯವೇ ಅಲ್ವಾ? ಹಾಗಾಗಿ ಶನಿವಾರ ಶಾಲೆಯ ಮೈದಾನದಲ್ಲಿ ಒಂದಡಿಗೆ ಒಂದು ಚೌಕದಂತೆ 23 ಅಡಿ, 73 ಅಡಿ ಹಾಕುವುದೆಂದು ತೀರ್ಮಾನ ಆಗಿದೆ. ಮೂವತ್ತೆಂಟು ಮಕ್ಕಳು, ಎರಡು ಟೇಪು, ಹಗ್ಗ. ಗೋಧಿ ಇಲ್ಲ, ಸುಣ್ಣದ ಪುಡಿ. ಟೈಮ್ ನೋಡುವವನು ಅವನೇ.

ಪಿಟಿ ಸರ್ ಹತ್ತಿರ ಎರಡು ಚೀಲ ಸುಣ್ಣ ಕೇಳಿದ್ದೇನೆ. ಕೊಡುತ್ತಾರಂತೆ, ಖೋಖೋ ಅಂಕಣ ಅಳಿಸದಿದ್ದರೆ.